ಹೋಬಳಿಯೇ ಕ್ಷೇತ್ರವಾಗಲಿ: ಮೈಸೂರು, ಮಂಡ್ಯದ ಶಾಸಕರಿಗೆ ಒಂದು ಬಹಿರಂಗ ಪತ್ರ

ಮೈಸೂರು ಜಿಲ್ಲೆಯ 11, ಮಂಡ್ಯ ಜಿಲ್ಲೆಯ 7 ಕ್ಷೇತ್ರಗಳ ಮಾನ್ಯ ಶಾಸಕರಿಗೆ ನಮಸ್ಕಾರಗಳು.

ಪಂಚಾಯಿತಿ ಚುನಾವಣೆಯಲ್ಲಿ ಮತ ಹಾಕುವ, ಎಣಿಸುವ ಪದ್ಧತಿಯನ್ನು ಬದಲಿಸಿ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ. ಇದು ದೆಹಲಿಯವರು ಮಾಡಬೇಕಾದ ಕೆಲಸವಲ್ಲ. ವಿಧಾನಸಭೆ, ಲೋಕಸಭೆ ಚುನಾವಣೆಯ ಕಾನೂನು ಸಂಸತ್ತಿನ ಕೈಯಲ್ಲಿದೆ. ಪಂಚಾಯಿತಿಯದು ಹಾಗಲ್ಲ. ಸಂವಿಧಾನದ 243ಕೆ ವಿಧಿ ಅದರ ಕಾನೂನು ಮಾಡುವುದನ್ನು ರಾಜ್ಯದ ಶಾಸನಸಭೆಗೆ ಬಿಟ್ಟಿದೆ. ಅಂದರೆ ನಿಮಗೆ.

ನಾನು ಮದ್ದೂರು ತಾಲ್ಲೂಕಿನ ನಿವೃತ್ತ ಪ್ರೌಢಶಾಲಾ ಶಿಕ್ಷಕ. ನೌಕರಿಯಲ್ಲಿದ್ದಷ್ಟು ಕಾಲ ಚುನಾವಣೆ ಡ್ಯೂಟಿ ಇದ್ದೇ ಇತ್ತು. ಹೀಗಾಗಿ ಎರಡು ಬಗೆಯ ಮತಪತ್ರಗಳನ್ನು ಹತ್ತಿರದಿಂದ ನೋಡಿದ್ದೇನೆ. ಒಂದು ಗ್ರಾಮ ಪಂಚಾಯಿತಿಯದು. ಅದರ ಮೇಲೆ ಸೀಲು ಒತ್ತಬೇಕು. ಇನ್ನೊಂದು ವಿಧಾನ ಪರಿಷತ್ತಿನ ಶಿಕ್ಷಕರ ಕ್ಷೇತ್ರದ್ದು. ಅದರ ಮೇಲೆ ಆಯೋಗದವರು ಕೊಡುವ ನೇರಳೆ ಬಣ್ಣದ ಸ್ಕೆಚ್ ಪೆನ್ನಿನಿಂದ 1, 2, 3 ಅಂತ ಅಂಕಿ ಬರೆಯಬೇಕು. ಮೇಷ್ಟ್ರುಗಳು, ಪದವೀಧರರು ಮಾತ್ರ ಹೀಗೆ ಅಂಕಿ ಬರೆಯುತ್ತಾರೆ ಅಂದುಕೊಳ್ಳಬೇಡಿ. ಸ್ಥಳೀಯ ಸಂಸ್ಥೆಗಳ ಕ್ಷೇತ್ರದಿಂದ ಪರಿಷತ್ತಿಗೆ ಸದಸ್ಯರನ್ನು ಆರಿಸುವಾಗ ಗ್ರಾಮ ಪಂಚಾಯಿತಿ ಸದಸ್ಯರೂ ಹೀಗೇ ಪ್ರಾಶಸ್ತ್ಯದ ಮತ ಹಾಕುತ್ತಾರೆ. ಊರಿನ ಮೆಂಬರ್‌ಗೆ ಈ ಪದ್ಧತಿ ಗೊತ್ತು. ಆ ಮೆಂಬರನ್ನು ಆರಿಸುವ ಜನರ ಕೈಗೆ ಮಾತ್ರ ಅದು ಸಿಕ್ಕಿಲ್ಲ.

ಸೀಲು ಒತ್ತುವ ಪದ್ಧತಿಯಲ್ಲಿ ಏನಾಗುತ್ತಿದೆ ನೋಡಿ. ನಮ್ಮ ಗ್ರಾಮ ಪಂಚಾಯಿತಿಯ ಎಷ್ಟೋ ವಾರ್ಡುಗಳಲ್ಲಿ ಎರಡು, ಮೂರು, ನಾಲ್ಕು ಸ್ಥಾನ ಇರುತ್ತವೆ. ಎಷ್ಟು ಸ್ಥಾನವೋ ಅಷ್ಟು ಮತ ಹಾಕುವ ಹಕ್ಕು ಒಬ್ಬೊಬ್ಬರಿಗೂ ಇರುತ್ತದೆ. ಕೇಳಲು ಚೆನ್ನಾಗಿದೆ, ಅಲ್ವಾ? ಈಗ ಮೂರು ಸ್ಥಾನದ ಒಂದು ವಾರ್ಡಿನಲ್ಲಿ 600 ಜನ ಮತ ಹಾಕಿದರು ಅಂತ ಇಟ್ಟುಕೊಳ್ಳಿ. 420 ಜನ ಒಂದು ಕಡೆ, 180 ಜನ ಇನ್ನೊಂದು ಕಡೆ. ದೊಡ್ಡ ಗುಂಪಿನವರು ಮೂವರ ಪ್ಯಾನೆಲ್ ಮಾಡುತ್ತಾರೆ. 420 ಜನರೂ ಆ ಮೂವರಿಗೇ ಸೀಲು ಒತ್ತುತ್ತಾರೆ. ಮೂವರಿಗೂ ತಲಾ 420. ಚಿಕ್ಕ ಗುಂಪಿನವರು ಎಷ್ಟೇ ಒಗ್ಗಟ್ಟಾಗಿದ್ದರೂ 180 ದಾಟುವುದಿಲ್ಲ. ಮೂರಕ್ಕೆ ಮೂರೂ ಒಂದೇ ಕಡೆಗೆ ಹೋಯಿತು. ಊರಿನ ಹತ್ತರಲ್ಲಿ ಮೂರು ಪಾಲು ಜನರಿಗೆ ಐದು ವರ್ಷ ಪಂಚಾಯಿತಿಯಲ್ಲಿ ಒಬ್ಬರೂ ಇಲ್ಲ.

ಮೀಸಲಾತಿ ಇದೆಯಲ್ಲ ಅಂತ ನೀವು ಕೇಳಬಹುದು. ಇದೆ, ಬೇಕೇ ಬೇಕು. ಆದರೆ ಆ 180 ಜನ ದಲಿತ ಕೇರಿಯವರು, ಮೂರರಲ್ಲಿ ಒಂದು ಸ್ಥಾನ ಪರಿಶಿಷ್ಟ ಜಾತಿಗೆ ಮೀಸಲು ಅಂತ ಇಟ್ಟುಕೊಂಡೇ ಲೆಕ್ಕ ಹಾಕಿ. ಆ ಸ್ಥಾನಕ್ಕೆ ಆ ಜಾತಿಯವರೇ ಬರುತ್ತಾರೆ, ಸರಿ. ಯಾರು ಬರಬೇಕು ಅನ್ನುವುದನ್ನು ತೀರ್ಮಾನಿಸುವುದು ಆ ಕೇರಿಯಲ್ಲ, 420 ಜನರ ಗುಂಪು. ಅವರಿಗೆ ಎದುರು ಮಾತಾಡದ ಒಬ್ಬರನ್ನು ತಮ್ಮ ಪ್ಯಾನೆಲ್‌ಗೆ ಸೇರಿಸಿಕೊಂಡರೆ ಮುಗಿಯಿತು. ಕೇರಿಯ ಜನ ಒಪ್ಪಿ ನಿಲ್ಲಿಸಿದ ಹುಡುಗಿ ಸೋಲುತ್ತಾಳೆ. ಸ್ಥಾನ ಮೀಸಲಾಗಿರುತ್ತದೆ, ದನಿ ಮಾತ್ರ ಬೇರೆಯವರದ್ದಾಗಿರುತ್ತದೆ. ಇದು ನನಗೆ ಬಹಳ ನೋವು ಕೊಡುವ ವಿಷಯ.

ಇದೇ ವಾರ್ಡಿನಲ್ಲಿ ಅಂಕಿ ಬರೆಯುವ ಪದ್ಧತಿ ತಂದರೆ ಲೆಕ್ಕ ಬೇರೆಯಾಗುತ್ತದೆ. ಒಬ್ಬರಿಗೆ ಒಂದೇ ಮತ. ಅದರಲ್ಲಿ ಮೊದಲ ಆಯ್ಕೆ ಯಾರು, ಅವರಿಲ್ಲದಿದ್ದರೆ ಯಾರು, ಅವರೂ ಇಲ್ಲದಿದ್ದರೆ ಯಾರು ಅಂತ ಹೇಳಬಹುದು. ಗೆಲ್ಲಲು ಬೇಕಾದ ಕೋಟಾ ಲೆಕ್ಕ ಸರಳ. ಒಟ್ಟು ಮತವನ್ನು ಸ್ಥಾನಕ್ಕಿಂತ ಒಂದು ಹೆಚ್ಚಿನ ಸಂಖ್ಯೆಯಿಂದ ಭಾಗಿಸಿ, ಒಂದು ಕೂಡಿಸಿ. 600 ಮತ, 3 ಸ್ಥಾನ. 600ನ್ನು 4ರಿಂದ ಭಾಗಿಸಿದರೆ 150, ಒಂದು ಕೂಡಿಸಿದರೆ 151. 420 ಜನರ ಗುಂಪಿಗೆ ಎರಡು ಸ್ಥಾನ ಖಂಡಿತ. 180 ಜನರ ಗುಂಪಿಗೆ ಒಂದು ಖಂಡಿತ. ಯಾರಿಗೂ ಅನ್ಯಾಯ ಇಲ್ಲ. ದೊಡ್ಡ ಗುಂಪಿಗೆ ಬಹುಮತ ಉಳಿಯಿತು, ಚಿಕ್ಕ ಗುಂಪಿಗೆ ತಾನೇ ಆರಿಸಿದ ಒಬ್ಬ ಸದಸ್ಯೆ ಸಿಕ್ಕಳು. ಕೋಟಾ ದಾಟಿ ಹೆಚ್ಚು ಬಿದ್ದ ಮತ ಎರಡನೇ ಆಯ್ಕೆಗೆ ಹೋಗುತ್ತದೆ. ತೀರ ಕಡಿಮೆ ಮತ ಬಂದವರನ್ನು ಪಟ್ಟಿಯಿಂದ ತೆಗೆದಾಗ ಅವರ ಮತವೂ ಮುಂದಿನ ಆಯ್ಕೆಗೆ ಹೋಗುತ್ತದೆ. ಯಾರ ಮತವೂ ಸುಮ್ನೆ ಹಾಳಾಗುವುದು ಕಡಿಮೆ.

ಪಕ್ಷಗಳ ನಡವಳಿಕೆ ಬಗ್ಗೆ ಎಲ್ಲರೂ ಬೈಯುತ್ತಾರೆ. ನಾನು ಪಕ್ಷಗಳಿಗಿಂತ ಮೊದಲು ಪದ್ಧತಿಯನ್ನು ನೋಡಿ ಅನ್ನುತ್ತೇನೆ. ಒಂದು ಕ್ಷೇತ್ರ, ಒಂದು ಸ್ಥಾನ, ಜಾಸ್ತಿ ಮತ ಬಂದವರು ಗೆದ್ದರು. ಈ ನಿಯಮದಲ್ಲಿ ಎದುರಾಳಿಯ ಮತ ಒಡೆಯುವುದೂ ಮತ ಗಳಿಸಿದಷ್ಟೇ ಲಾಭ. ಬಹಳ ಸಲ ಅದೇ ಅಗ್ಗ. ಅದಕ್ಕೇ ಡಮ್ಮಿ ಅಭ್ಯರ್ಥಿಗಳು. ಅದಕ್ಕೇ ಎದುರಾಳಿಯ ಜಾತಿಯವರನ್ನೇ ಹುಡುಕಿ ಬಿ ಫಾರಂ ಕೊಡುವುದು. ಅದಕ್ಕೇ ಒಳಒಪ್ಪಂದದ ಮಾತು. 2019ರಲ್ಲಿ ಮಂಡ್ಯ ಲೋಕಸಭಾ ಕ್ಷೇತ್ರದಲ್ಲಿ ಸುಮಲತಾ ಅಂಬರೀಶ್ ಅವರ ಜೊತೆ ಅದೇ ಹೆಸರಿನ ಇನ್ನೂ ಮೂವರು ಕಣದಲ್ಲಿದ್ದದ್ದು ನಿಮಗೆ ನೆನಪಿರುತ್ತದೆ. ಆ ಚುನಾವಣೆಯಲ್ಲಿ ಕಾಂಗ್ರೆಸ್, ಜೆಡಿಎಸ್ ಒಟ್ಟಿಗಿದ್ದವು. 2024ರಲ್ಲಿ ಜೆಡಿಎಸ್, ಬಿಜೆಪಿ ಒಟ್ಟಿಗಿದ್ದವು. ಗೆಲ್ಲುವುದು ಒಬ್ಬರೇ ಆದಾಗ ಮತ ಎಣಿಸುವ ಮೊದಲೇ ಪಕ್ಷಗಳು ಕೂಡಿಕೊಳ್ಳಬೇಕಾಗುತ್ತದೆ. ನಿನ್ನೆ ಊರಲ್ಲಿ ಕಿತ್ತಾಡಿದ ಕಾರ್ಯಕರ್ತರು ಇವತ್ತು ಒಂದೇ ವೇದಿಕೆ ಹತ್ತಬೇಕಾಗುತ್ತದೆ.

ಮತಕ್ಕೂ ಸ್ಥಾನಕ್ಕೂ ಇರುವ ಅಂತರ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. 2018ರ ವಿಧಾನಸಭೆ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ ಸುಮಾರು ಶೇ 38 ಮತ, ಬಿಜೆಪಿಗೆ ಸುಮಾರು ಶೇ 36 ಮತ. ಎಣಿಕೆ ಮುಗಿದಾಗ ಬಿಜೆಪಿಗೆ 104 ಸ್ಥಾನ, ಕಾಂಗ್ರೆಸ್ಸಿಗೆ 78. 2024ರ ಲೋಕಸಭೆ ಚುನಾವಣೆಯಲ್ಲಿ ಬಿಜೆಪಿಗೆ ಶೇ 46 ಮತ, ಕಾಂಗ್ರೆಸ್ಸಿಗೆ ಶೇ 45. ಸ್ಥಾನ ಮಾತ್ರ 17 ಮತ್ತು 9. ಇನ್ನು ನಮ್ಮ ಮಂಡ್ಯ. 2018ರಲ್ಲಿ ಜಿಲ್ಲೆಯ ಏಳಕ್ಕೆ ಏಳೂ ಜೆಡಿಎಸ್ ಪಾಲಾದವು. 2023ರಲ್ಲಿ ಕಾಂಗ್ರೆಸ್ಸಿಗೆ ಐದು, ಜೆಡಿಎಸ್‌ಗೆ ಕೆ.ಆರ್. ಪೇಟೆ ಒಂದೇ. 2018ರಲ್ಲಿ ಜಿಲ್ಲೆಯಲ್ಲಿ ಕಾಂಗ್ರೆಸ್ ಮತದಾರರು ಇರಲಿಲ್ಲವೇ? ಲಕ್ಷಗಟ್ಟಲೆ ಇದ್ದರು. 2023ರಲ್ಲಿ ಜೆಡಿಎಸ್ ಮತದಾರರು ಮಾಯವಾದರೇ? ಅವರೂ ಹಾಗೇ ಇದ್ದರು. ಯಾವ ಪಕ್ಷದವರಾದರೂ ನೀವೆಲ್ಲ ಒಂದಲ್ಲ ಒಂದು ಸಲ ಈ ಪೆಟ್ಟು ತಿಂದವರೇ.

ಇದರಲ್ಲಿ ಹಳ್ಳಿಯ ರೈತನಿಗೆ ಏನಾಗುತ್ತದೆ ಅನ್ನುವುದು ನನ್ನ ಮುಖ್ಯ ಚಿಂತೆ. ಮಂಡ್ಯದಲ್ಲಿ ರೈತ ಚಳವಳಿ ಇಲ್ಲದ ತಾಲ್ಲೂಕಿಲ್ಲ. ಕಬ್ಬಿನ ಬೆಲೆ ಇರಲಿ, ಕಾವೇರಿ ನೀರಿರಲಿ, ಹಸಿರು ಶಾಲು ಬೀದಿಗೆ ಇಳಿಯುತ್ತದೆ. ಆದರೆ ಚುನಾವಣೆಯಲ್ಲಿ ಆ ಬೆಂಬಲ ಏಳು ಕ್ಷೇತ್ರಗಳಲ್ಲಿ ಹರಡಿಹೋಗುತ್ತದೆ. ಒತ್ತಾಗಿ ಸಿಗುವುದು ಪಾಂಡವಪುರದ ಕಡೆ ಮಾತ್ರ. ರೈತ ಸಂಘದ ನಾಯಕ ಕೆ.ಎಸ್. ಪುಟ್ಟಣ್ಣಯ್ಯನವರು 1994ರಲ್ಲಿ ಪಾಂಡವಪುರದಿಂದ, 2013ರಲ್ಲಿ ಮೇಲುಕೋಟೆಯಿಂದ ಗೆದ್ದರು. 2023ರಲ್ಲಿ ಅವರ ಮಗ ದರ್ಶನ್ ಪುಟ್ಟಣ್ಣಯ್ಯ ಮೇಲುಕೋಟೆಯಿಂದಲೇ ಗೆದ್ದರು. ಆಗ ಅಲ್ಲಿ ಕಾಂಗ್ರೆಸ್ ಅಭ್ಯರ್ಥಿಯನ್ನು ಹಾಕದೆ ಬೆಂಬಲ ಕೊಟ್ಟಿತ್ತು. ಆ ಗೆಲುವಿನ ಬಗ್ಗೆ ನನಗೆ ಗೌರವ ಇದೆ. ಆದರೆ ಇಷ್ಟು ದೊಡ್ಡ ಚಳವಳಿಗೆ ಸದನದಲ್ಲಿ ಒಂದು ಕುರ್ಚಿ ಸಿಗಬೇಕಾದರೆ ದೊಡ್ಡ ಪಕ್ಷವೊಂದು ಪಕ್ಕಕ್ಕೆ ಸರಿಯಬೇಕು ಅನ್ನುವಂತಾದರೆ, ಅದು ಪದ್ಧತಿಯ ದೋಷವೇ.

ವಿ.ಸಿ. ನಾಲೆಯ, ಅಂದರೆ ವಿಶ್ವೇಶ್ವರಯ್ಯ ನಾಲೆಯ, ಕೊನೆ ಭಾಗದ ರೈತರದ್ದೂ ಇದೇ ಕಥೆ. ಮದ್ದೂರು, ಮಳವಳ್ಳಿ ತಾಲ್ಲೂಕುಗಳಲ್ಲಿ ನಾಲೆಯ ಕೊನೆಗೆ ಇರುವ ಊರುಗಳ ಕಷ್ಟ ಒಂದೇ. ನೀರು ಬರುವಷ್ಟರಲ್ಲಿ ನಾಟಿ ಕಾಲ ಮುಗಿದಿರುತ್ತದೆ. ಆದರೆ ಆ ಊರುಗಳು ಒಂದೊಂದು ಕ್ಷೇತ್ರದಲ್ಲಿ ನಾಲ್ಕಾರು ಚೂರಾಗಿ ಸೇರಿಕೊಂಡಿವೆ. ಯಾವ ಕ್ಷೇತ್ರದಲ್ಲೂ ಅವರದ್ದು ದೊಡ್ಡ ಸಂಖ್ಯೆ ಅಲ್ಲ. ಅವರಿಲ್ಲದೆಯೂ ಗೆಲ್ಲಬಹುದು ಅಂತ ಗೊತ್ತಾದ ಅಭ್ಯರ್ಥಿ ಅವರ ಊರಿಗೆ ಕೊನೆ ದಿನ ಬಂದು ಕೈ ಮುಗಿದು ಹೋಗುತ್ತಾನೆ. ಹೋಬಳಿ ಮಟ್ಟದಲ್ಲಿ ನಾಲ್ಕೈದು ಸ್ಥಾನ ಇದ್ದು ಅಂಕಿ ಪದ್ಧತಿ ಇದ್ದರೆ, ಆ ಊರುಗಳು ಕೂಡಿ ನೀರಿನ ವಿಷಯಕ್ಕೇ ಒಬ್ಬರನ್ನು ಗೆಲ್ಲಿಸಬಹುದು. ಗೆಲ್ಲಿಸಲು ಆಗದಿದ್ದರೂ ಅವರ ಎರಡನೇ ಪ್ರಾಶಸ್ತ್ಯದ ಮತಕ್ಕಾಗಿ ಬೇರೆಯವರು ಆ ಊರಿಗೆ ಬಂದು ಕೂತು ಮಾತಾಡಬೇಕಾಗುತ್ತದೆ.

ಹೋಬಳಿ ಅಂದೆ. ಇಲ್ಲಿ ಸ್ವಲ್ಪ ನಿಂತು ವಿವರಿಸುತ್ತೇನೆ, ಯಾಕಂದರೆ ನನ್ನ ಬೇಡಿಕೆಯ ಜೀವಾಳ ಇದು.

2008ರ ಚುನಾವಣೆಗೆ ಮೊದಲು ಕ್ಷೇತ್ರ ಮರುವಿಂಗಡಣೆ ಆದಾಗ ಮಂಡ್ಯ ಜಿಲ್ಲೆಯ ಸ್ಥಾನ 9ರಿಂದ 7ಕ್ಕೆ ಇಳಿಯಿತು. ಕೆರಗೋಡು ಹೋಯಿತು, ಕಿರುಗಾವಲು ಹೋಯಿತು. ಮೈಸೂರು ಜಿಲ್ಲೆಯಲ್ಲಿ ಬನ್ನೂರು ಹೋಗಿ ವರುಣ ಬಂತು. ಬೆಂಗಳೂರು ನಗರ ಜಿಲ್ಲೆ 28 ಸ್ಥಾನಕ್ಕೆ ಏರಿತು. ಜನಸಂಖ್ಯೆ ಎಲ್ಲಿ ಬೆಳೆಯಿತೋ ಅಲ್ಲಿಗೆ ಸ್ಥಾನ ಹೋಗುವುದು ನ್ಯಾಯವೇ. ಅದನ್ನು ನಾನು ಪ್ರಶ್ನಿಸುವುದಿಲ್ಲ. ಮುಂದಿನ ಜನಗಣತಿ ಆದಮೇಲೆ ಮತ್ತೆ ಮರುವಿಂಗಡಣೆ ಬರುತ್ತದೆ. ದುಡಿಯಲು ಬೆಂಗಳೂರಿಗೆ, ಮೈಸೂರಿಗೆ ಹೋದ ನಮ್ಮ ಮಕ್ಕಳ ಲೆಕ್ಕ ಅಲ್ಲಿಗೇ ಸೇರುತ್ತದೆ. ಚಾಮುಂಡೇಶ್ವರಿ ಕ್ಷೇತ್ರ ನೋಡಿ. 3 ಲಕ್ಷಕ್ಕೂ ಹೆಚ್ಚು ಮತದಾರರು. ಒಂದು ಕಡೆ ಮೈಸೂರಿನ ಹೊಸ ಬಡಾವಣೆಗಳು, ಇನ್ನೊಂದು ಕಡೆ ಹೊಲ, ತೋಟ. ಇಬ್ಬರಿಗೂ ಒಬ್ಬರೇ ಶಾಸಕರು. ವಿಧಾನಸಭೆಯಲ್ಲಿ ಹಳ್ಳಿಯ ತೂಕ ಇನ್ನೂ ಇಳಿಯಲಿದೆ. ಹಾಗಿರುವಾಗ ಹಳ್ಳಿಗೆ ಉಳಿಯುವ ವೇದಿಕೆ ಪಂಚಾಯಿತಿ ಒಂದೇ. ಅದನ್ನಾದರೂ ಗಟ್ಟಿ ಮಾಡಬೇಡವೇ?

ಆ ವೇದಿಕೆಯ ಸ್ಥಿತಿ ಏನಾಗಿದೆ? ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರ ಕಾಲದಲ್ಲಿ, 1987ರಲ್ಲಿ, ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಸಿ ದೇಶಕ್ಕೇ ದಾರಿ ತೋರಿಸಿದ ರಾಜ್ಯ ನಮ್ಮದು. ಅದೇ ರಾಜ್ಯದಲ್ಲಿ 2016ರ ಫೆಬ್ರವರಿಯಲ್ಲಿ ಆರಿಸಿದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ಆಗಲಿಲ್ಲ. ಸದಸ್ಯರ ಜಾಗದಲ್ಲಿ ಆಡಳಿತಾಧಿಕಾರಿ ಕೂತರು. ಐದು ವರ್ಷ ಮುಗಿಯುವ ಮೊದಲೇ ಚುನಾವಣೆ ಆಗಬೇಕು ಅಂತ ಸಂವಿಧಾನದ 243ಇ ವಿಧಿ ಹೇಳುತ್ತದೆ. ತಡವಾಗಲು ಕೊಟ್ಟ ಕಾರಣಗಳೇನು? ಕ್ಷೇತ್ರ ಮರುವಿಂಗಡಣೆ ಮತ್ತು ಮೀಸಲಾತಿ ಪಟ್ಟಿ.

ಈ ಎರಡೂ ತಕರಾರು ಒಂದು ಕ್ಷೇತ್ರಕ್ಕೆ ಒಂದೇ ಸ್ಥಾನ ಅನ್ನುವ ಪದ್ಧತಿಯಿಂದ ಹುಟ್ಟಿದವು. ಗಡಿ ಎಲ್ಲಿ ಎಳೆಯಬೇಕು, ಯಾವ ಊರು ಈ ಕಡೆ, ಯಾವ ಊರು ಆ ಕಡೆ ಅನ್ನುವುದರಲ್ಲೇ ಸೋಲು ಗೆಲುವು ಅಡಗಿರುತ್ತದೆ. ಹಾಗಾಗಿ ಪಕ್ಷಗಳು ಅದಕ್ಕಾಗಿ ಬಡಿದಾಡುತ್ತವೆ, ಕೋರ್ಟಿಗೆ ಹೋಗುತ್ತವೆ. ಹೋಬಳಿಯನ್ನೇ ತಾಲ್ಲೂಕು ಪಂಚಾಯಿತಿಯ ಕ್ಷೇತ್ರ ಮಾಡಿ. ತಾಲ್ಲೂಕನ್ನೇ ಜಿಲ್ಲಾ ಪಂಚಾಯಿತಿಯ ಕ್ಷೇತ್ರ ಮಾಡಿ. ದೊಡ್ಡ ತಾಲ್ಲೂಕಾದರೆ ಎರಡು ಭಾಗ ಮಾಡಿ. ಗಡಿಯ ಜಗಳವೇ ಬಹುಮಟ್ಟಿಗೆ ಮುಗಿಯುತ್ತದೆ. ಜನಸಂಖ್ಯೆ ಏರಿದರೆ, ಇಳಿದರೆ ಆ ಹೋಬಳಿಯ ಸ್ಥಾನದ ಸಂಖ್ಯೆ ಬದಲಿಸಿದರೆ ಸಾಕು. ಕೊತ್ತತ್ತಿ, ದುದ್ದ, ಬಸರಾಳು, ಕೆರಗೋಡು, ಹಲಗೂರು, ಕಿರುಗಾವಲು, ಕೊಪ್ಪ, ಆತಗೂರು. ಈ ಹೆಸರುಗಳು ಜನರಿಗೆ ಗೊತ್ತು. ನಾಡ ಕಚೇರಿಗೆ ಅಲ್ಲಿಗೇ ಹೋಗುತ್ತಾರೆ, ರೈತ ಸಂಪರ್ಕ ಕೇಂದ್ರಕ್ಕೂ ಅಲ್ಲಿಗೇ ಹೋಗುತ್ತಾರೆ. ಸಂವಿಧಾನದ 243ಸಿ ವಿಧಿ ಇದಕ್ಕೆ ಅಡ್ಡ ಬರುವುದಿಲ್ಲ. ಪ್ರತಿ ಕ್ಷೇತ್ರದ ಜನಸಂಖ್ಯೆಗೂ ಅದಕ್ಕೆ ಕೊಟ್ಟ ಸ್ಥಾನಗಳ ಸಂಖ್ಯೆಗೂ ಇರುವ ಅನುಪಾತ ಆದಷ್ಟು ಒಂದೇ ಇರಲಿ ಅಂತ ಅದು ಹೇಳುತ್ತದೆ. ಒಂದು ಕ್ಷೇತ್ರಕ್ಕೆ ಒಂದೇ ಸ್ಥಾನ ಅಂತ ಎಲ್ಲೂ ಕಟ್ಟುಹಾಕಿಲ್ಲ.

ಮೀಸಲಾತಿಯ ತಕರಾರಿಗೂ ಇಲ್ಲೇ ಪರಿಹಾರ ಇದೆ. ಈಗ ಒಂದು ಕ್ಷೇತ್ರ ಈ ಸಲ ಮಹಿಳೆಗೆ ಮೀಸಲು, ಮುಂದಿನ ಸಲ ಸಾಮಾನ್ಯ. ಐದು ವರ್ಷ ಕಚೇರಿ ಅಲೆದು, ಕಡತ ಓದಲು ಕಲಿತು, ಕೆಲಸ ಮಾಡಿ ತೋರಿಸಿದ ಹೆಣ್ಣುಮಗಳಿಗೆ ಮುಂದಿನ ಸಲ ಆ ಕ್ಷೇತ್ರದಲ್ಲಿ ಯಾರೂ ಟಿಕೆಟ್ ಕೊಡುವುದಿಲ್ಲ. ಅವಳು ಗಳಿಸಿದ ಅನುಭವವೆಲ್ಲ ಮನೆ ಸೇರುತ್ತದೆ. ಹೋಬಳಿಗೆ ನಾಲ್ಕು ಸ್ಥಾನ ಇದ್ದು ಅದರಲ್ಲಿ ಎರಡು ಯಾವಾಗಲೂ ಹೆಣ್ಣುಮಕ್ಕಳಿಗೆ ಅಂತ ಇದ್ದರೆ, ಅವಳು ತನ್ನ ಜನರ ಮುಂದೆಯೇ ಮತ್ತೆ ನಿಂತು ಮತ ಕೇಳಬಹುದು. ನಮ್ಮ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಇದೆ. ಅವರು ಬೇರೂರಲು ಬಿಡುವ ಪದ್ಧತಿ ಮಾತ್ರ ಇಲ್ಲ.

ಒಂದು ಕ್ಷೇತ್ರಕ್ಕೆ ಇಬ್ಬರು, ಮೂವರು ಅನ್ನುವುದು ನಮ್ಮ ಸೀಮೆಗೆ ಹೊಸದೂ ಅಲ್ಲ. 1952ರ ಮೊದಲ ಲೋಕಸಭೆ ಚುನಾವಣೆಯಲ್ಲಿ ಮೈಸೂರು ಇಬ್ಬರು ಸದಸ್ಯರ ಕ್ಷೇತ್ರವಾಗಿತ್ತು. ಕಾಂಗ್ರೆಸ್ಸಿನಿಂದ ಎನ್. ರಾಚಯ್ಯ, ಕಿಸಾನ್ ಮಜ್ದೂರ್ ಪ್ರಜಾ ಪಕ್ಷದಿಂದ ಎಂ.ಎಸ್. ಗುರುಪಾದಸ್ವಾಮಿ ಗೆದ್ದರು. 1961ರಲ್ಲಿ ಕಾನೂನು ಮಾಡಿ ಇಂಥ ಕ್ಷೇತ್ರಗಳನ್ನು ತೆಗೆದರು. ಇವತ್ತಿಗೂ ವಿಧಾನ ಪರಿಷತ್ತಿನ ಮೈಸೂರು-ಚಾಮರಾಜನಗರ ಸ್ಥಳೀಯ ಸಂಸ್ಥೆಗಳ ಕ್ಷೇತ್ರಕ್ಕೆ ಎರಡು ಸ್ಥಾನ. 2021ರ ಡಿಸೆಂಬರ್‌ನಲ್ಲಿ ಅಲ್ಲಿ ಒಬ್ಬರು ಕಾಂಗ್ರೆಸ್, ಒಬ್ಬರು ಜೆಡಿಎಸ್ ಗೆದ್ದರು. ಎರಡು ಪಕ್ಷಕ್ಕೂ ನೆಲೆ ಇರುವ ಕಡೆ ಇಬ್ಬರಿಗೂ ಒಂದೊಂದು ಬಂತು. ಹೊರಗಿನ ಉದಾಹರಣೆ ಬೇಕಾದರೆ ಐರ್ಲೆಂಡ್ ಇದೆ. ಅಲ್ಲಿ ಸಂಸತ್ತಿಗೇ ಈ ಪದ್ಧತಿ, ಒಂದು ಕ್ಷೇತ್ರಕ್ಕೆ ಮೂರರಿಂದ ಐದು ಸ್ಥಾನ. ಸ್ಕಾಟ್ಲೆಂಡಿನಲ್ಲಿ 2007ರಿಂದ ಸ್ಥಳೀಯ ಸಂಸ್ಥೆಗಳಿಗೆ ಇದನ್ನು ತಂದರು. ಆ ವರ್ಷ ಒಂದು ವಾರ್ಡಿನಲ್ಲೂ ಅವಿರೋಧ ಆಯ್ಕೆ ಆಗಲಿಲ್ಲ. 2020ರ ಡಿಸೆಂಬರ್‌ನ ಗ್ರಾಮ ಪಂಚಾಯಿತಿ ಚುನಾವಣೆ ಸಮಯದಲ್ಲಿ ನಮ್ಮ ರಾಜ್ಯದಲ್ಲಿ ಸ್ಥಾನಗಳನ್ನು ಹರಾಜು ಹಾಕಿದ ಸುದ್ದಿ ಓದಿದ ನನಗೆ ಈ ವಿಷಯ ತುಂಬ ದೊಡ್ಡದಾಗಿ ಕಾಣುತ್ತದೆ. ಚಿಕ್ಕ ಗುಂಪಿಗೂ ಗೆಲ್ಲುವ ದಾರಿ ಇದ್ದರೆ ಅವಿರೋಧಕ್ಕೆ ಅವರು ಯಾಕೆ ಒಪ್ಪುತ್ತಾರೆ?

ಇನ್ನು ಆಕ್ಷೇಪಗಳು. ಜನರಿಗೆ ಗೊಂದಲ ಆಗುತ್ತದೆ ಅನ್ನುತ್ತಾರೆ. ಪದವೀಧರರೇ ಅಂಕಿಯ ಬದಲು ಟಿಕ್ ಹಾಕಿ ಮತ ಕೆಡಿಸಿಕೊಳ್ಳುವುದು ನಿಜ. ಹಾಗಾಗಿ ನಿಯಮವನ್ನೇ ಸಡಿಲ ಮಾಡಬೇಕು. ಒಬ್ಬರ ಮುಂದೆ ಮಾತ್ರ ಗುರುತು ಹಾಕಿದ್ದರೆ, ಅದು ಸೀಲಾಗಲಿ ಟಿಕ್ ಆಗಲಿ, ಅದನ್ನು ಮೊದಲ ಪ್ರಾಶಸ್ತ್ಯ ಅಂತ ಎಣಿಸಬೇಕು. ಓದು ಬಾರದ ಅಜ್ಜಿಯ ಮತ ತಿರಸ್ಕೃತ ಆಗಬಾರದು. ಎಣಿಕೆ ತಡವಾಗುತ್ತದೆ ಅನ್ನುವುದೂ ಸರಿ. ಗ್ರಾಮ ಪಂಚಾಯಿತಿಯಲ್ಲಿ ಈಗಲೂ ಮತಪತ್ರವನ್ನು ಕೈಯಲ್ಲೇ ಎಣಿಸುತ್ತೇವೆ. ಒಂದು ದಿನ ಜಾಸ್ತಿ ಹಿಡಿಯಲಿ.

ನನಗೆ ನಿಜಕ್ಕೂ ಭಯ ಇರುವುದು ಗುಟ್ಟಿನ ವಿಷಯದಲ್ಲಿ. ಕೆಲವೇ ನೂರು ಮತದಾರರ ವಾರ್ಡಿನಲ್ಲಿ ಹತ್ತು ಹೆಸರಿಗೂ ಅಂಕಿ ಬರೆಯಲು ಬಿಟ್ಟರೆ, "ನೀನು ಕೊನೆ ಅಂಕಿಗಳನ್ನು ಹೀಗೆ ಬರೆ, ಎಣಿಸುವಾಗ ನಿನ್ನ ಮತ ಗುರುತು ಹಿಡಿಯುತ್ತೇವೆ" ಅಂತ ದುಡ್ಡು ಕೊಟ್ಟವರು ಬೆದರಿಸಬಹುದು. ಅದಕ್ಕೆ ಮೂರು ಅಂಕಿಗಿಂತ ಹೆಚ್ಚು ಬೇಡ. ಅಕ್ಕಪಕ್ಕದ ಬೂತುಗಳ ಮತಪತ್ರಗಳನ್ನು ಬೆರೆಸಿದ ಮೇಲೆಯೇ ಎಣಿಸಬೇಕು. ಹಾಗೇ ಈ ಪದ್ಧತಿ ಬಂದರೆ ದುಡ್ಡಿನ ಹಾವಳಿ ನಿಲ್ಲುತ್ತದೆ ಅಂತಲೂ ನಾನು ಹೇಳುವುದಿಲ್ಲ. ಸ್ಥಳೀಯ ಸಂಸ್ಥೆಗಳ ಕ್ಷೇತ್ರದ ಪರಿಷತ್ ಚುನಾವಣೆಯಲ್ಲಿ ಅಂಕಿ ಪದ್ಧತಿ ಇದ್ದೂ ದುಡ್ಡಿನ ಮಾತು ಎಷ್ಟು ಜೋರಾಗಿರುತ್ತದೆ ಅಂತ ನಿಮಗೆ ಗೊತ್ತು. ಅದಕ್ಕೆ ಬೇರೆ ಔಷಧಿ ಬೇಕು.

ನನ್ನ ಬೇಡಿಕೆ ಇಷ್ಟು. ಒಂದಕ್ಕಿಂತ ಹೆಚ್ಚು ಸ್ಥಾನ ಇರುವ ಗ್ರಾಮ ಪಂಚಾಯಿತಿ ವಾರ್ಡುಗಳಲ್ಲಿ ಮೊದಲು ಪ್ರಾಶಸ್ತ್ಯದ ಮತ ತನ್ನಿ. ಅಲ್ಲಿ ಗಡಿ ಬದಲಿಸಬೇಕಾಗಿಲ್ಲ, ಯಂತ್ರ ಕೊಳ್ಳಬೇಕಾಗಿಲ್ಲ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮಕ್ಕೆ, ಅದರ ಚುನಾವಣಾ ನಿಯಮಗಳಿಗೆ ತಿದ್ದುಪಡಿ ಸಾಕು. ಅದರ ಅನುಭವ ನೋಡಿಕೊಂಡು ತಾಲ್ಲೂಕು ಪಂಚಾಯಿತಿಗೆ ಹೋಬಳಿ ಕ್ಷೇತ್ರ, ಜಿಲ್ಲಾ ಪಂಚಾಯಿತಿಗೆ ತಾಲ್ಲೂಕು ಕ್ಷೇತ್ರ ಮಾಡಿ. ನಿಮ್ಮಲ್ಲಿ ಒಬ್ಬರಾದರೂ ಮುಂದಿನ ಅಧಿವೇಶನದಲ್ಲಿ ಖಾಸಗಿ ಮಸೂದೆ ತನ್ನಿ. ಅದು ಆಗದಿದ್ದರೆ ಗ್ರಾಮೀಣಾಭಿವೃದ್ಧಿ ಸಚಿವರಿಗೆ ಒಂದು ಪ್ರಶ್ನೆ ಹಾಕಿ, ರಾಜ್ಯ ಚುನಾವಣಾ ಆಯೋಗದ ಅಭಿಪ್ರಾಯ ಸದನದ ಮುಂದೆ ಬರುವಂತೆ ಮಾಡಿ.

ನೀವು ಒಪ್ಪದಿದ್ದರೆ ಯಾಕೆ ಒಪ್ಪುವುದಿಲ್ಲ ಅಂತ ಬಹಿರಂಗವಾಗಿಯೇ ಬರೆಯಿರಿ. ಮದ್ದೂರಿನಲ್ಲೋ ಮಂಡ್ಯದಲ್ಲೋ ನೀವು ಕರೆದ ಸಭೆಗೆ ಬಂದು, ಬೋರ್ಡಿನ ಮೇಲೆ ಈ ಲೆಕ್ಕ ಬಿಡಿಸಿ ತೋರಿಸಲು ನಾನು ಸಿದ್ಧ.

ಇತಿ ನಮಸ್ಕಾರಗಳೊಂದಿಗೆ,
ಮದ್ದೂರು ತಾಲ್ಲೂಕಿನ ಒಬ್ಬ ಮತದಾರ, ನಿವೃತ್ತ ಪ್ರೌಢಶಾಲಾ ಶಿಕ್ಷಕ